ಶಬ್ಬೀರನ ಓಟ

"ಸರ್, ಜೀಪು ಮುಂದ ಹೋಗಂಗಿಲ್ರಿ" ಎಂದು ಡ್ರೈವರ್ ಹೇಳುವಷ್ಟರಲ್ಲಿ ವಿರುಪಾಕ್ಷಿ ಇಳಿದು ನಡೆಯತೊಡಗಿದ್ದ. ಕುಷ್ಟಗಿಯ ಆ ಓಣಿಯಲ್ಲಿ ಎರಡು ಬೈಕು ಎದುರಾದರೇ ಜಗಳ. ಇವತ್ತು ಅಲ್ಲಿ ಅರ್ಧ ಊರೇ ನಿಂತಿತ್ತು. ಗಾದಿ ಹೊಲಿಯುವ ಶಬ್ಬೀರ ಸತ್ತರೆ ಇಷ್ಟು ಜನ ಸೇರಬಹುದೆಂದು ಅವನು ಎಣಿಸಿರಲಿಲ್ಲ. ಎಣಿಸದೇ ಇದ್ದುದಕ್ಕೆ ಅವನಿಗೆ ನಾಚಿಕೆಯೂ ಆಯಿತು.

"ಬಂದ್ಯಾ ಹೀರೋ?" ಫಾರೂಕ ಎದುರಿಗೆ ಬಂದು ಅಪ್ಪಿಕೊಂಡ. ಒಂದು ಕಾಲಕ್ಕೆ ಊರ ಬಾಸ್ಕೆಟ್‌ಬಾಲ್ ತಂಡದ ನಾಯಕ, ಈಗ ಬಳೆ ವ್ಯಾಪಾರಿ. ಜೇಬಿನಿಂದ ಕರವಸ್ತ್ರ ತೆಗೆದು ವಿರುಪಾಕ್ಷಿಯ ಬೋಳು ತಲೆಗೆ ತಾನೇ ಕಟ್ಟಿದ. "ಬೆಳಗಿನ ನಮಾಜ್ ಮುಗಿಸಿ ಬಂದಾವ ಎದಿ ಹಿಡ್ಕೊಂಡು ಕುಂತಾನ. ಕುಂತಾವ ಏಳಲಿಲ್ಲ ನೋಡು. ಅವ ಒಂದ್ ಕಡೆ ಸುಮ್ಮನ ಕುಂತಿದ್ದು ಅದೊಂದ ಸಲ."

ಅಂಗಳದಲ್ಲಿ ಬೊಂಬು ಕಟ್ಟಿದ ಜನಾಜಾ ಸಿದ್ಧವಾಗಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಶಬ್ಬೀರ ಬದುಕಿದ್ದಾಗಿನಷ್ಟೇ ಸಣಕಲು. ಸುತ್ತ ನಿಂತವರಲ್ಲಿ ಮುಕ್ಕಾಲು ಮಂದಿ ಅವನು ಸಂಜೆ ಹೊತ್ತು ಸಾಲಿ ಮೈದಾನದಲ್ಲಿ ಆಟ ಕಲಿಸಿದವರು. ಮೀಸೆ ಬಂದವರು, ಬರುತ್ತಿರುವವರು, ನೆರೆತವರು.

"ಸಾಹೇಬ್ರ, ನಿಮ್ಮ ಮಣಕಾಲು ಸುದ್ದಿ ನಮಗ ಗೊತ್ತೈತಿ" ಎಂದ ಹಳೆಯ ಜೊತೆಗಾರ ಪರಮೇಶ, ಗೌರವದಿಂದಲೇ. "ಕಬರಸ್ತಾನ ಒಂದೂವರಿ ಕಿಲೋಮೀಟರ್ ಆಗತೈತಿ. ನೀವು ಜೀಪಿನ್ಯಾಗ ಬಂದು ಮಣ್ಣು ಕೊಟ್ರ ಸಾಕು."

ವಿರುಪಾಕ್ಷಿಗೆ ಒಂದು ಕ್ಷಣ ಹಾಯೆನಿಸಿತು. ಓಡುವವರು ಓಡಲಿ, ತಾನು ಗುರಿಯ ಹತ್ತಿರ ಕಾಯುವುದು. ಜೀವಮಾನವೆಲ್ಲ ಅವನು ಮಾಡಿದ್ದೇ ಅದು.

ಅಷ್ಟರಲ್ಲಿ ಖುಷ್ಬು ಬಾಗಿಲಿಗೆ ಬಂದಳು. ಶಬ್ಬೀರನ ಒಬ್ಬಳೇ ಮಗಳು, ಕಾಲೇಜು ತಂಡದ ಆಟಗಾರ್ತಿ. ಅತ್ತು ಅತ್ತು ಮುಖ ಬಾತಿತ್ತು.

"ಕಾಕಾ, ನಾವು ಹೆಣ್ಮಕ್ಕಳು ಅಲ್ಲಿತನಕ ಬರಂಗಿಲ್ಲ. ಅಬ್ಬಾಗ ಒಂದು ಹೆಗಲು ಕೊಡಬೇಕಂತ ನನ್ನ ಜೀವಕ್ಕ ಭಾಳ ಐತಿ. ನನ್ನ ಪಾಲಿಂದು ನೀವು ಕೊಡ್ರಿ."

"ನಾನಾ? ಫಾರೂಕ ಅದಾನಲ್ಲವಾ."

"ಅಬ್ಬಾ ಮನ್ಯಾಗ ದಿನಾ ತಗೋತಿದ್ದ ಹೆಸರು ನಿಮ್ದು. ನಿಮ್ಮದೊಂದು, ನಂದೊಂದು. ಎರಡು ಸಲ ಹಿಡೀಬೇಕ್ರಿ, ನೋಡ್ರಿ ಮತ್ತ."

ಆ ಕಣ್ಣುಗಳಿಗೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ವಿರುಪಾಕ್ಷಿ ತಲೆಯಾಡಿಸಿದ, ಚಪ್ಪಲಿ ಬಿಟ್ಟ, ಜೀಪನ್ನು ಹಿಂದಕ್ಕೆ ಕಳಿಸಿದ.

* * *

ಇಪ್ಪತ್ತಾರು ವರ್ಷದ ಹಿಂದೆ ಕೊಪ್ಪಳದಲ್ಲಿ ಫೈನಲ್. ಎದುರಿಗೆ ಗಂಗಾವತಿ. ಕಾಲುವೆ ನೀರು, ಅಕ್ಕಿ ಗಿರಣಿಗಳ ಊರಿನ ಹುಡುಗರು. ಒಬ್ಬೊಬ್ಬರೂ ಕೈ ಎತ್ತಿದರೆ ಬುಟ್ಟಿಗೆ ಮುಟ್ಟಬೇಕು ಹಾಗಿದ್ದರು. ಕುಷ್ಟಗಿಯವರು ಆರೇ ಜನ, ಅದರಲ್ಲೊಬ್ಬನ ಕಾಲು ಉಳುಕಿತ್ತು. ಅರ್ಧ ಆಟ ಮುಗಿದಾಗ ಹನ್ನೊಂದು ಅಂಕ ಹಿಂದೆ.

ಚೆಂಡು ಎದುರಾಳಿಗೆ ಹೋದರೆ ವಿರುಪಾಕ್ಷಿ ಹಿಂದಕ್ಕೆ ಬರುತ್ತಿರಲಿಲ್ಲ. ಅವರ ಬುಟ್ಟಿಯ ಕೆಳಗೇ ನಿಂತು ಚೆಂಡು ತನ್ನ ಬಳಿಗೆ ಬರಲೆಂದು ಕಾಯುವುದು ಅವನ ಪದ್ಧತಿ. "ಬುಟ್ಟಿಗೆ ಹಾಕಾವ ದಣೀಬಾರದು" ಎಂದು ಅವನ ವಾದ. ಅವನ ಪಾಲಿನ ಓಟವನ್ನೂ ಶಬ್ಬೀರನೇ ಓಡುತ್ತಿದ್ದ. ಹೊಡೆತದ ಗುರಿಯಿಲ್ಲ, ಎತ್ತರವಿಲ್ಲ, ಇದ್ದುದೆಲ್ಲ ಕಾಲು. ಚೆಂಡು ಕಳೆದುಕೊಂಡರೆ ಯಾರ ಮುಖವನ್ನೂ ನೋಡದೆ ತಿರುಗಿ ಓಡುತ್ತಿದ್ದ. ಗಂಗಾವತಿಯ ಹುಡುಗ ಎಲ್ಲರನ್ನೂ ದಾಟಿಕೊಂಡು ಹೋದರೆ ಅಲ್ಲೊಬ್ಬ ಶಬ್ಬೀರ ನಿಂತೇ ಇರುತ್ತಿದ್ದ.

ಎರಡನೆಯ ಅರ್ಧದಲ್ಲಿ ಆಟ ತಿರುಗಿತು. ಹತ್ತು ನಿಮಿಷವಾಗುವಷ್ಟರಲ್ಲಿ ಆ ಎತ್ತರದ ಹುಡುಗರ ಕೈಗಳು ಸೊಂಟಕ್ಕೆ ಬಂದವು. ಶಬ್ಬೀರ ಮಾತ್ರ ಈಗತಾನೆ ಬಂದವನಂತಿದ್ದ. ಅವನನ್ನು ನೋಡಿ ನಾಚಿ ಫಾರೂಕ ಓಡಿದ, ಫಾರೂಕನನ್ನು ನೋಡಿ ಪರಮೇಶ. ಹನ್ನೊಂದು ಏಳಾಯಿತು, ಏಳು ಮೂರಾಯಿತು, ಕೊನೆಗೆ ಒಂದೇ ಅಂಕ ಉಳಿಯಿತು. ಇನ್ನು ಹತ್ತು ಸೆಕೆಂಡು ಇರುವಾಗ ಗಂಗಾವತಿಯವನೊಬ್ಬ ಚೆಂಡು ಕಸಿದು ಒಂಟಿಯಾಗಿ ನುಗ್ಗಿದ. ಎಲ್ಲರೂ ಕೈ ಬಿಟ್ಟರು, ಶಬ್ಬೀರನೊಬ್ಬ ಬಿಡಲಿಲ್ಲ. ಹಿಂದಿನಿಂದ ಹಾರಿ ಚೆಂಡು ಬಡಿದ, ಸಿಮೆಂಟಿನ ಮೇಲೆ ಬಿದ್ದ, ಬಿದ್ದಲ್ಲಿಂದಲೇ ಅದನ್ನು ಹಿಡಿದು ಉದ್ದಕ್ಕೆ ಎಸೆದ. ಆ ತುದಿಯಲ್ಲಿ ಕಾದು ನಿಂತ ವಿರುಪಾಕ್ಷಿ ಆರಾಮಾಗಿ ಬುಟ್ಟಿಗೆ ಹಾಕಿದ. ನಲವತ್ತೇಳು, ನಲವತ್ತಾರು.

ಜನ ವಿರುಪಾಕ್ಷಿಯನ್ನು ಎತ್ತಿ ಕುಣಿದಾಡಿದರು. ಶಬ್ಬೀರ ನಲ್ಲಿಯ ಹಿಂದೆ ಕೂತು ವಾಂತಿ ಮಾಡುತ್ತಿದ್ದ. ಅಂಕಪಟ್ಟಿಯಲ್ಲಿ ವಿರುಪಾಕ್ಷಿಯ ಹೆಸರಿನ ಮುಂದೆ ಇಪ್ಪತ್ತಾರು, ಶಬ್ಬೀರನ ಮುಂದೆ ಎರಡು. ಕ್ರೀಡಾ ಕೋಟಾದಲ್ಲಿ ವಿರುಪಾಕ್ಷಿಗೆ ಸರ್ಕಾರಿ ನೌಕರಿ ಕೊಟ್ಟಾಗ ನೋಡಿದ್ದು ಆ ಪಟ್ಟಿಯನ್ನೇ. ಎಷ್ಟು ಸಲ ಹಿಂದಕ್ಕೆ ಓಡಿದ ಎಂದು ಬರೆಯುವ ಕಾಲಮ್ಮು ಅದರಲ್ಲಿರಲಿಲ್ಲ.

* * *

ಜನಾಜಾ ಎದ್ದಿತು, ಕಲ್ಮಾದ ದನಿ ಎದ್ದಿತು.

ಹೆಗಲು ಕೊಡುವುದಕ್ಕೊಂದು ಕ್ರಮವಿದೆ. ಹೊಸಬ ಮುಂದಿನ ತುದಿಯಲ್ಲಿ ಸೇರಿಕೊಳ್ಳಬೇಕು, ಹತ್ತು ಹೆಜ್ಜೆಗೆ ಹಿಂದಕ್ಕೆ ಸರಿಯುತ್ತ ಬಂದು ಹಿಂದಿನ ತುದಿಯಿಂದ ಹೊರಬೀಳಬೇಕು. ಬೇರೆ ಮಯ್ಯತ್ತುಗಳಲ್ಲಿ ಹೊರಬಿದ್ದವರು ಬೆವರು ಒರೆಸಿಕೊಂಡು ನಿಧಾನಕ್ಕೆ ಹಿಂಬಾಲಿಸುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಹೊರಬಿದ್ದ ಮೊದಲನೆಯವನು ಯಾರ ಮುಖವನ್ನೂ ನೋಡದೆ ಪಕ್ಕದಿಂದ ಓಡಿ ಮತ್ತೆ ಮುಂದೆ ಹೋಗಿ ನಿಂತ. ಎರಡನೆಯವನೂ ಓಡಿದ, ಮೂರನೆಯವನೂ ಓಡಿದ. ಯಾರೂ ಹೇಳಿಕೊಟ್ಟದ್ದಲ್ಲ, ಶಬ್ಬೀರ ಕಾಲಿಗೆ ಹಾಕಿಕೊಟ್ಟ ಚಟ ಅದು. ದಣಿದ ಹೆಗಲೇ ಸಿಗದೆ ಜನಾಜಾ ತೇಲಿದ ಹಾಗೆ ಸರಸರ ಸಾಗಿತು.

"ಅಲಲಾ, ಇದೇನು ಮಯ್ಯತ್ತೋ ಮ್ಯಾಚೋ!" ಎಂದರು ಅಂಗಡಿಯ ಕಟ್ಟೆ ಮೇಲಿದ್ದ ಮುದುಕರೊಬ್ಬರು, ಎದ್ದು ನಿಂತು.

ದಾರಿ ಮುಕ್ಕಾಲು ಸವೆದ ಮೇಲೆ ವಿರುಪಾಕ್ಷಿ ಬೊಂಬಿಗೆ ಹೆಗಲು ಕೊಟ್ಟ. ಒಂದು, ಎರಡು, ಐದು, ಹತ್ತು. ಹಿಂದಿನ ತುದಿಯಿಂದ ಹೊರಬಿದ್ದಾಗ ಮಂಡಿ ಉರಿಯುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ಅವನು ಕರೆಂಟಿನ ಕಂಬ ಹಿಡಿದು ನಿಂತ. ನೋಡನೋಡುತ್ತಿದ್ದಂತೆ ಜನಾಜಾ ಐವತ್ತು ಹೆಜ್ಜೆ ಮುಂದೆ ಹೋಯಿತು.

* * *

ಹೋದ ವರ್ಷ ಗಾದಿ ಅಂಗಡಿಯಲ್ಲಿ ಅವನು ಕೇಳಿಯೇ ಬಿಟ್ಟಿದ್ದ, "ಶಬ್ಬೀರಾ, ಆ ನೌಕರಿ ನಿನಗ ಸಿಗಬೇಕಿತ್ತಲೇ. ನಿನಗ ಹೊಟ್ಟಿ ಉರಿಯಂಗಿಲ್ಲೇನು?"

ಮೈತುಂಬ ಅರಳೆ ಹತ್ತಿಸಿಕೊಂಡಿದ್ದ ಶಬ್ಬೀರ ನಕ್ಕಿದ್ದ. "ಹುಚ್ಚಪ್ಯಾಲಿ. ನಾ ಚೆಂಡು ಒಗದಾಗ ಅಲ್ಲಿ ನೀ ಇರ್ತೀ ಅಂತ ಕಣ್ಣು ಮುಚ್ಚಿ ಒಗದೀನಿ. ನೀ ಇಲ್ಲದಿದ್ರ ಅದು ಗಟಾರಕ್ಕ ಹೋಗತಿತ್ತು. ಗೆದ್ದೀವಿ, ಸಾಕಲ್ಲ? ನಾ ಆ ಮ್ಯಾಚ್ ದಿನಾ ಗೆಲ್ತೀನಿ, ಈ ಹುಡುಗರ ಜೋಡಿ." ಆಮೇಲೆ ಸೂಜಿ ಪೋಣಿಸುತ್ತ ಮೆಲ್ಲಗೆ ಅಂದಿದ್ದ, "ಒಂದ ಒಂದು ಸಲ ನೀ ಹಿಂದಕ್ಕ ಓಡಿ ಬಂದಿದ್ರ ಮಜಾ ಬರ್ತಿತ್ತು ನೋಡು. ಬಾಜೂಕ ಯಾರರ ಓಡ್ತಿದ್ರ ದಣಿವ ಆಗಂಗಿಲ್ಲ."

* * *

"ಸಾಕ್ರಿ ಸಾಹೇಬ್ರ, ಕುಂದ್ರಿ. ಒಂದ ಸಲ ಕೊಟ್ರಲ್ಲ" ಎಂದು ಪರಮೇಶ ನೀರಿನ ಬಾಟಲಿ ಚಾಚಿದ.

"ಇನ್ನೊಂದು ಐತೋ. ಹುಡುಗಿಂದು."

"ಕಬರಸ್ತಾನ ಬಂದ ಬಿಡ್ತು. ಇನ್ನ ಎಲ್ಲಿ ಮುಟ್ಟತೀರಿ?"

ವಿರುಪಾಕ್ಷಿ ತಲೆಯೆತ್ತಿ ನೋಡಿದ. ಹೌದು, ಬೇವಿನ ಮರದ ಆಚೆ ಹಸಿರು ಬಾಗಿಲು ಕಾಣುತ್ತಿತ್ತು. ಬಾಗಿಲು ದಾಟಿದರೆ ಜನಾಜಾ ಇಳಿಸುತ್ತಾರೆ, ಖುಷ್ಬುವಿಗೆ ಕೊಟ್ಟ ಮಾತು ರಸ್ತೆಯಲ್ಲೇ ಉಳಿಯುತ್ತದೆ. ಅವನು ಕಂಬ ಬಿಟ್ಟ. ಮೊದಲು ಕುಂಟಿದ, ಆಮೇಲೆ ದಾಪುಗಾಲು ಹಾಕಿದ, ಆಮೇಲೆ ಓಡಿಯೇಬಿಟ್ಟ. ನಲವತ್ತೇಳು ವರ್ಷದ ಹೊಟ್ಟೆ ಕುಣಿಯಿತು, ಬರಿಗಾಲಿಗೆ ಜಲ್ಲಿಕಲ್ಲು ಚುಚ್ಚಿತು, ತಲೆಯ ಕರವಸ್ತ್ರ ಜಾರಿ ಕೊರಳಿಗೆ ಬಿತ್ತು. ನಗುವವರು ನಗಲಿ ಅಂದುಕೊಂಡ. ಆದರೆ ಯಾರೂ ನಗಲಿಲ್ಲ. ಪಕ್ಕದಲ್ಲಿ ಯಾರೋ ತನ್ನ ಜೊತೆಗೇ ಓಡುತ್ತಿರುವುದು ಗೊತ್ತಾಯಿತು. ನೋಡಿದರೆ ಪರಮೇಶ, ಬಾಟಲಿ ಕೈಯಲ್ಲೇ ಹಿಡಿದುಕೊಂಡು.

"ಬಂದ್ನಲೇ! ಜಾಗ ಬಿಡ್ರಿ, ಜಾಗ ಬಿಡ್ರಿ!" ಮುಂದಿನ ತುದಿಯಿಂದ ಫಾರೂಕ ಕೂಗಿದ. ಅವನ ದನಿಯಲ್ಲಿ ಅಳುವೂ ಇತ್ತು, ಕೇಕೆಯೂ ಇತ್ತು.

ಯುವಕನೊಬ್ಬ ಸರಿದು ಬೊಂಬು ಕೊಟ್ಟ. ವಿರುಪಾಕ್ಷಿ ಹೆಗಲು ಒಡ್ಡಿದ. "ಇದು ಖುಷ್ಬುಂದು" ಎಂದ, ಶಬ್ಬೀರನಿಗೆ ಕೇಳಲೆಂಬಂತೆ ಗಟ್ಟಿಯಾಗಿ. ಒಂದು, ಎರಡು, ಐದು, ಹತ್ತು. ಹಿಂದಿನ ತುದಿಯಿಂದ ಹೊರಬಿದ್ದ. ಕೊಟ್ಟ ಮಾತು ತೀರಿತ್ತು. ಬಾಗಿಲಿಗೆ ಇನ್ನೂ ಮೂವತ್ತು ಹೆಜ್ಜೆ ಇತ್ತು.

ಅವನು ಮಂಡಿಯ ಮೇಲೆ ಕೈ ಇಡಲಿಲ್ಲ, ಕಂಬ ಹುಡುಕಲಿಲ್ಲ. ಯಾರ ಮುಖವನ್ನೂ ನೋಡದೆ ಮತ್ತೆ ಮುಂದಕ್ಕೆ ಓಡಿದ. ಇದು ಯಾರ ಪಾಲಿನದೆಂದು ಕೇಳಲು ಫಾರೂಕನಲ್ಲಿ ಉಸಿರಿರಲಿಲ್ಲ. ಕಬರಸ್ತಾನದ ಬಾಗಿಲು ಚಿಕ್ಕದು, ಎಲ್ಲರೂ ಬಗ್ಗಿ ಒಳಗೆ ಹೋಗಬೇಕು. ಮುಂದಿನ ಬೊಂಬಿನ ಕೆಳಗೆ, ಬೆವರಿಳಿಯುತ್ತಿದ್ದ ವಿರುಪಾಕ್ಷಿಯ ಬೋಳು ತಲೆ ಎಲ್ಲರಿಗಿಂತ ಮೊದಲು ಒಳಗೆ ಹೋಯಿತು.