ಡಿಕ್ಕಿಯಲ್ಲಿದ್ದ ಫಲಕ

ಹೆಣ್ಣು ಕೇಳಲು ಹೊರಟವನ ಕಾರಿನಲ್ಲಿ ಹೂವಿರಬೇಕು, ಚಾಕಲೇಟಿನ ಡಬ್ಬಿಯಿರಬೇಕು. ತೈಲಾನನ ಕಾರಿನಲ್ಲಿ ಎರಡೂ ಇದ್ದವು. ಜೊತೆಗೆ ಡಿಕ್ಕಿಯಲ್ಲಿ ಹಳೇ ಕಂಬಳಿ ಸುತ್ತಿದ ತಗಡಿನ ಫಲಕವೊಂದೂ ಇತ್ತು. ಹಾಳು ಪಟ್ಟಣವೊಂದರ ಉತ್ಖನನದ ತಂಡದಲ್ಲಿ ಎಲ್ಲರಿಗಿಂತ ಕಿರಿಯನೆಂದು ಫಲಕದ ಬರಹವನ್ನು ಅವನಿಂದಲೇ ಬರೆಸಿದ್ದರು. ಮರುದಿನ ಬೆಳಿಗ್ಗೆ ಅದನ್ನು ನೆಡಬೇಕಾದವನೂ ಅವನೇ. ಅದರ ಮೇಲಿದ್ದದ್ದು ಇಷ್ಟು: ರೋಮನ್ನರ ಕಾಲದ ಸಾರ್ವಜನಿಕ ಶೌಚಾಲಯ.

ಹುಡುಗಿಯ ಅಪ್ಪ ಹಸ್ಬಿ ಆ ಹಾಳು ಪಟ್ಟಣದ ಕಾವಲುಗಾರರು. ಅದೇ ಶೌಚಾಲಯದ, ಸಾಲಾಗಿ ತೂತುಗಳಿದ್ದ ಅಮೃತಶಿಲೆಯ ಪೀಠವನ್ನು ಮೂವತ್ತೊಂದು ವರ್ಷದಿಂದ ಬಂದವರಿಗೆಲ್ಲ ಹಿರಿಯರ ಸಭೆಯೆಂದು ತೋರಿಸುತ್ತ ಬಂದವರು. ಯಾರೋ ಪುಣ್ಯಾತ್ಮ ಮೊದಲ ವರ್ಷವೇ ಹೇಳಿಬಿಟ್ಟಿದ್ದರೆ ತೈಲಾನನ ತಲೆಗೆ ಇದು ಬರುತ್ತಿರಲಿಲ್ಲ.

"ಉಂಗುರ ಬೆರಳಿಗೆ ಬೀಳೋವರೆಗೆ ಆ ವಿಷಯ ಎತ್ತಿದೆಯೋ, ನಿನ್ನನ್ನ ಅದೇ ತೂತಿಗೆ ಹಾಕಿ ಮುಚ್ತೀನಿ," ಎಂದು ಹುಡುಗಿ ಮೆಲಿಕೆ ಫೋನಿನಲ್ಲಿ ಹೇಳಿದ್ದಳು.

ತೈಲಾನ್ ಅಪ್ಪನ ಜೊತೆ ಹುಡುಗಿಯ ಮನೆ ತಲುಪಿದರೆ ಹಸ್ಬಿ ಬಾಗಿಲಲ್ಲೇ ತಡೆದರು. "ಕಾಫಿ ಎಲ್ಲೂ ಓಡಿಹೋಗಲ್ಲ. ಮೊದಲು ನಮ್ಮ ಊರು ನೋಡಿ ಬನ್ನಿ."

ಆಲಿವ್ ಮರಗಳ ನಡುವೆ ಗುಡ್ಡ ಹತ್ತಿದರು. ಕೆಳಗೆ ಕಡಲು ಬಿಸಿಲಿಗೆ ಮಿರುಗುತ್ತಿತ್ತು. ಪೀಠದ ಮುಂದೆ ಹಸ್ಬಿ ಎದೆಯುಬ್ಬಿಸಿ ನಿಂತರು.

"ನಲವತ್ತು ಜನ ಹಿರಿಯರು ಇಲ್ಲಿ ಕೂತು ನ್ಯಾಯ ತೀರಿಸ್ತಿದ್ರು."

"ಈ ತೂತುಗಳು?" ತೈಲಾನನ ಅಪ್ಪ ಸಬ್ರಿ ಬಗ್ಗಿ ನೋಡಿದರು. ಸ್ಟೇಷನ್ ಮಾಸ್ತರರಾಗಿದ್ದವರು, ಎಲ್ಲದಕ್ಕೂ ಕಾರಣ ಬೇಕು.

"ಸೆಕೆಗೆ. ಕೆಳಗಿಂದ ಕಡಲ ಗಾಳಿ ಬರುತ್ತೆ. ಕೂತು ನೋಡಿ."

ಸಬ್ರಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಗಂಭೀರವಾಗಿ ಕೂತರು. "ಬರ್ತಾ ಇದೆ," ಎಂದರು. "ಈ ಕಾಲುವೆ?"

"ಕಾಲು ತೊಳೆಯೋಕೆ. ದೊಡ್ಡವರ ಸಭೆಗೆ ಕೊಳಕು ಕಾಲಲ್ಲಿ ಬರೋಕಾಗುತ್ತಾ?" ಹಸ್ಬಿಯ ದನಿ ಮೆತ್ತಗಾಯಿತು. "ನನಗೆ ಈ ಕೆಲಸ ಸಿಕ್ಕ ವರ್ಷ ನನ್ನ ಹೆಂಡತಿ ನಾಜಿಯೆನ ಹೆಣ್ಣು ಕೇಳಿದ್ದೂ ಇಲ್ಲೇ. ಅವಳಪ್ಪ ನೀವು ಕೂತಿರೋ ಜಾಗದಲ್ಲೇ ಕೂತು ಹೂಂ ಅಂದ್ರು. ಹಿರಿಯರ ಪೀಠದ ಮೇಲೆ ಕೊಟ್ಟ ಮಾತು, ಅದಕ್ಕೇ ಇವತ್ತಿಗೂ ನಿಂತಿದೆ."

ಸಬ್ರಿ ಮಗನತ್ತ ತಿರುಗಿದರು. "ನೀನು ಓದಿದವನು. ನಿನ್ನ ಪುಸ್ತಕ ಏನನ್ನುತ್ತೆ?"

"ಗಾಳಿ ಚೆನ್ನಾಗಿದೆ ಅಪ್ಪ," ಎಂದ ತೈಲಾನ್.

ಮನೆಗೆ ಬಂದಾಗ ಮೆಲಿಕೆ ಕಾಫಿ ತಂದಳು. ಎಲ್ಲರದಕ್ಕೂ ಸಕ್ಕರೆ, ಹುಡುಗನ ಬಟ್ಟಲಿಗೆ ಮಾತ್ರ ಉಪ್ಪು. ಮುಖ ಕಿವುಚದೆ ಕುಡಿದವನು ಸಂಸಾರ ತೂಗಿಸಬಲ್ಲನೆಂದು ಅಲ್ಲಿಯವರ ನಂಬಿಕೆ. ಮೆಲಿಕೆಯ ಕೈ ಧಾರಾಳವಾಗಿತ್ತು. ತೈಲಾನ್ ಒಂದೇ ಗುಟುಕಿಗೆ ಮುಕ್ಕಾಲು ಬಟ್ಟಲು ಇಳಿಸಿದ, ಹುಬ್ಬು ಅಲುಗಲಿಲ್ಲ. ಆದರೆ ಇನ್ನೊಂದು ಸಂಗತಿ ಗಂಟಲಲ್ಲೇ ನಿಂತಿತ್ತು. ನಾಳೆ ಈ ಮನುಷ್ಯ ಗೇಟಿನ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಅಳಿಯನ ಬರಹವನ್ನೇ ಓದಬೇಕು. ತೈಲಾನನಿಗೆ ನಾಚಿಕೆಯಾಯಿತು.

ಸಬ್ರಿ ಗಂಟಲು ಸರಿಮಾಡಿಕೊಂಡರು. "ದೇವರ ಅಪ್ಪಣೆಯಂತೆ, ಪ್ರವಾದಿಯವರ ಮಾತಿನಂತೆ, ನಿಮ್ಮ ಮಗಳನ್ನ ನಮ್ಮ ಮಗನಿಗೆ..."

"ಅಪ್ಪ, ಒಂದು ನಿಮಿಷ," ಎಂದ ತೈಲಾನ್. ಮೆಲಿಕೆ ಕಣ್ಣು ಮುಚ್ಚಿಕೊಂಡಳು. "ಹಸ್ಬಿ ಮಾವ, ನೀವು ಉತ್ತರ ಕೊಡೋ ಮೊದಲು ಹೇಳಿಬಿಡ್ತೀನಿ. ಅದು ಸಭೆ ಅಲ್ಲ, ಶೌಚಾಲಯ. ಫಲಕ ನನ್ನ ಕಾರಲ್ಲಿದೆ. ಬರೆದವನೂ ನಾನೇ."

ಸಬ್ರಿ ಮೆಲ್ಲಗೆ ತಮ್ಮ ಪ್ಯಾಂಟಿನ ಹಿಂಬದಿ ಮುಟ್ಟಿ ನೋಡಿಕೊಂಡರು. ಹಸ್ಬಿಯ ಮುಖ ಸಣ್ಣಗಾಯಿತು.

"ನಲವತ್ತೂನಾ?"

"ನಲವತ್ತೂ, ಮಾವ."

ಅಡುಗೆಮನೆಯ ಬಾಗಿಲಿಗೊರಗಿ ನಿಂತಿದ್ದ ನಾಜಿಯೆಗೆ ನಗು ತಡೆಯಲಾಗಲಿಲ್ಲ. "ಅಷ್ಟು ತಿಳಿಯೋಕೆ ಪುಸ್ತಕ ಬೇಕೇನ್ರೀ? ತೂತು ನೋಡಿದ್ರೆ, ಕಾಲುವೆ ನೋಡಿದ್ರೆ ಸಾಲದಾ?"

"ನಿನಗೆ ಗೊತ್ತಿತ್ತಾ?"

"ನಮ್ಮಪ್ಪ ಕೂತ ದಿನವೇ ಗೊತ್ತಾಯ್ತು. ಆದ್ರೆ ನೀವು ಹೊಸ ಅಂಗಿ ಹಾಕ್ಕೊಂಡು, ನಡುಗ್ತಾ, ಆ ಹಿರಿಯರ ಕಥೆ ಹೇಳ್ತಿದ್ರಿ. ಹೇಳೋಕೆ ಮನಸ್ಸು ಬರ್ಲಿಲ್ಲ." ಅವಳು ತೈಲಾನನ ಬಟ್ಟಲಿನತ್ತ ಗಲ್ಲ ಎತ್ತಿ ತೋರಿಸಿದಳು. "ಇವನು ಕುಡಿದದ್ದು ಒಂದು ಬಟ್ಟಲು. ನಾನು ಮೂವತ್ತೊಂದು ವರ್ಷದಿಂದ ಕುಡೀತಿದ್ದೀನಿ, ಮುಖ ಕಿವುಚಿದ್ದು ನೋಡಿದ್ದೀರಾ?"

ಹಸ್ಬಿ ಕೈಚಾಚಿ ತೈಲಾನನ ಬಟ್ಟಲು ತೆಗೆದುಕೊಂಡು ಉಳಿದದ್ದನ್ನು ಬಾಯಿಗೆ ಸುರಿದುಕೊಂಡರು. ಅವರ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

"ಇಷ್ಟು ಉಪ್ಪಾ?" ಎಂದರು. ಕೇಳಿದ್ದು ಕಾಫಿ ಮಾಡಿದ ಮಗಳನ್ನಲ್ಲ, ಹೆಂಡತಿಯನ್ನು.

"ಅಭ್ಯಾಸ ಆಗುತ್ತೆ," ಎಂದು ನಾಜಿಯೆ ಬಂದು ಅವರ ಪಕ್ಕ ಕೂತಳು.

"ಹುಡುಗಿ ಕೊಟ್ಟೆ ಸಬ್ರಿಯವರೇ," ಎಂದರು ಹಸ್ಬಿ, ಹೆಂಡತಿಯ ಕೈ ಹಿಡಿದು. ಆಮೇಲೆ ಅಳಿಯನತ್ತ ತಿರುಗಿದರು. "ಫಲಕ ನೆಡು, ಬೇಡ ಅನ್ನಲ್ಲ. ಆದ್ರೆ ಒಳಗೆ ಬರೋ ದಾರೀಲಿ ಬೇಡ, ಹೊರಗೆ ಹೋಗೋ ದಾರೀಲಿ ನೆಡು. ಜನ ಮೊದಲು ಕೂತು ಗಾಳಿ ತಗೊಳ್ಳಲಿ, ಆಮೇಲೆ ಓದ್ಕೊಳ್ಳಲಿ."