ತತ್ತಿ ಡಬ್ಬಿಯ ಗುಳಿಗೆ

ಫ್ರಿಜ್ಜಿನಲ್ಲಿದ್ದ ಮೊಟ್ಟೆಯ ಡಬ್ಬಿಯನ್ನು ಗೌರಕ್ಕ ಮುಟ್ಟುತ್ತಿರಲಿಲ್ಲ. ಮಗ ತಿನ್ನುವುದಕ್ಕೆ ತಕರಾರಿರಲಿಲ್ಲ, ಅಷ್ಟೆ. ಅದಕ್ಕೇ ಸೊಸೆ ಶಾಂಭವಿ ತನ್ನ ಥೈರಾಯ್ಡ್ ಗುಳಿಗೆಗಳನ್ನು ಅದರೊಳಗೇ ಇಟ್ಟಿದ್ದಳು. ಆ ಬ್ರ್ಯಾಂಡಿನ ಗುಳಿಗೆಗಳನ್ನು ತಣ್ಣಗೇ ಇಡಬೇಕು, ಮಲಗುವ ಕೋಣೆಯ ಕಪಾಟಿನಲ್ಲಿ ಬಚ್ಚಿಡುವಂತಿರಲಿಲ್ಲ.

ಧಾರವಾಡದಿಂದ ಗೌರಕ್ಕ ಪರದೇಶದ ಬಡಾವಣೆ ಪಾಯಿಂಟ್ ಕುಕ್‌ನ ಈ ಮನೆಗೆ ಬಂದಾಗಿನಿಂದ ಬೆಳಗು ಹೀಗೇ. ಎಲ್ಲರಿಗಿಂತ ಮೊದಲೆದ್ದು ಅವಳು ಚಹಾಕ್ಕಿಡುತ್ತಾಳೆ. ಶಾಂಭವಿ ಕೆಳಗಿಳಿಯುವಷ್ಟರಲ್ಲಿ ಕಪ್ಪು ತುಂಬಿರುತ್ತದೆ.

"ಬಾರವಾ, ಆರತೈತಿ. ಒಬ್ಬಾಕಿನ ಕುಂತು ಚಾ ಕುಡಿಯೂದಂದ್ರ ನನಗ ಕಷಾಯ ಕುಡದಂಗ."

ಏನನ್ನೋ ತೆಗೆಯುವ ನೆಪದಲ್ಲಿ ಶಾಂಭವಿ ಫ್ರಿಜ್ ತೆರೆದು ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅತ್ತೆಯ ಚಹಾದೊಂದಿಗೆ ನುಂಗುತ್ತಾಳೆ.

ಡಾಕ್ಟರು ಎರಡು ಸಲ ಡೋಸ್ ಏರಿಸಿದ್ದರು. ಆದರೂ ಮೈಭಾರ ಹೋಗಲಿಲ್ಲ, ರಕ್ತದ ರಿಪೋರ್ಟ್ ಸುಧಾರಿಸಲಿಲ್ಲ. ಕಳೆದ ವಾರ ಮಗಳು ಅನಘಾಳನ್ನು ಚೈಲ್ಡ್‌ಕೇರ್‌ನಿಂದ ಕರೆತರುವಾಗ ಫ್ರೀವೇಯಲ್ಲೇ, ಸ್ಟೇರಿಂಗ್ ಹಿಡಿದಿದ್ದ ಶಾಂಭವಿಯ ಕಣ್ಣು ಮುಚ್ಚಿತು. ಟ್ರಕ್ಕೊಂದರ ಹಾರ್ನ್ ಅವಳನ್ನು ಎಬ್ಬಿಸಿತು.

"ಮತ್ತೆ ಏರಿಸುವ ಮೊದಲು ಒಂದು ಪ್ರಶ್ನೆ," ಎಂದರು ಡಾಕ್ಟರು, ಅವಳು ಮತ್ತೆ ತೋರಿಸಲು ಹೋದಾಗ. "ಗುಳಿಗೆ ಹೇಗೆ ತಗೊಳ್ತೀರಿ?"

"ಬೆಳಿಗ್ಗೆ. ಚಹಾದ ಜೊತೆ."

ಡಾಕ್ಟರು ಕೀಬೋರ್ಡಿನಿಂದ ಕೈ ತೆಗೆದರು. "ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ ತಗೊಳ್ಳಿ. ಆಮೇಲೆ ಅರ್ಧ ಗಂಟೆಯಾದರೂ ಬೇರೇನೂ ಬೇಡ. ಚಹಾ ಈ ಗುಳಿಗೆಯನ್ನು ಮೈಗೆ ಹತ್ತಲು ಬಿಡೋದಿಲ್ಲ. ಇಷ್ಟು ದಿನ ನಾನು ಡೋಸ್ ಏರಿಸಿದ್ದು ಚಹಾಕ್ಕೆ, ನಿಮಗಲ್ಲ. ಆರು ವಾರ ಹೀಗೆ ಮಾಡಿ ಮತ್ತೆ ರಕ್ತ ನೋಡೋಣ. ಡೋಸ್ ಇಳಿಸಬೇಕಾಗಲೂಬಹುದು. ಅಲ್ಲಿವರೆಗೆ ಕಾರು ಓಡಿಸಬೇಡಿ."

ವಾಪಸ್ ಬರುವಾಗ ಗಂಡ ಕಿರಣಕುಮಾರ ಕಾರು ಓಡಿಸುತ್ತಿದ್ದ.

"ಅವ್ವ ಊರಿಗೆ ಹೋಗೂ ತನಕ ಹೆಂಗರ ಅಡ್ಜಸ್ಟ್ ಮಾಡು. ಗೊತ್ತಾತಂದ್ರ, ಮದುವಿ ಮುಂಚೆ ಯಾಕ ಹೇಳಲಿಲ್ಲ ಅಂತ ನಿಮ್ಮವ್ವಗ ಫೋನ್ ಹಚ್ಚತಾಳ."

"ಹಚ್ಚಲಿ. ಮುಚ್ಚಿಡು ಅಂದಾಕಿ ನಮ್ಮವ್ವ, ಸುಮ್ನಿರು ಅಂದವ್ರು ನೀವು. ನನ್ನ ಕಣ್ಣು ಮುಚ್ಚಿದಾಗ ಕಾರಿನ್ಯಾಗ ಕುಂತಾಕಿ ಅನಘಾ."



ಮರುದಿನ ಬೆಳಿಗ್ಗೆ ಶಾಂಭವಿ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಗುಳಿಗೆಯ ಪಟ್ಟಿಯನ್ನು ಟೇಬಲ್ಲಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು, ಟ್ರಕ್ಕಿನದನ್ನೂ.

"ಮದುವಿ ಮುಂಚೆಯಿಂದನೂ?" ಎಂದಳು ಗೌರಕ್ಕ.

"ಹೂಂ, ಅತ್ತಿ."

"ಅಂದ್ರ ನಿಮ್ಮವ್ವ ನನಗ ಮೋಸ ಮಾಡಿದ್ಲು."

"ಹೇಳಿದ್ರ ನನ್ನ ತಂದ್ಕೋತಿದ್ರೇನು?"

ಗೌರಕ್ಕ ಚಹಾದ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಬದಿಗೆ ಸರಿಸಿದಳು.

"ಇಲ್ಲ," ಎಂದಳು. "ತಂದ್ಕೋತಿದ್ದಿಲ್ಲ."

ಆ ದಿನ ಅವಳು ಸೊಸೆಯೊಂದಿಗೆ ಮತ್ತೆ ಮಾತಾಡಲಿಲ್ಲ. ಪಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಶಾಂಭವಿ ಅದನ್ನು ಮತ್ತೆ ಮೊಟ್ಟೆಯ ಡಬ್ಬಿಗೇ ಹಾಕಿದಳು.

ಮಾರನೆಯ ಬೆಳಿಗ್ಗೆ ಕೆಳಗಿಳಿದಾಗ ಚಹಾದ ವಾಸನೆ ಇರಲಿಲ್ಲ. ಪಾತ್ರೆಯಲ್ಲಿ ನೀರಿತ್ತು, ಒಲೆ ಹೊತ್ತಿರಲಿಲ್ಲ. ಟೇಬಲ್ಲಿನ ಮೇಲೆ ಒಂದು ಲೋಟ ನೀರು, ಪಕ್ಕದಲ್ಲಿ ಗುಳಿಗೆಯ ಪಟ್ಟಿ. ಗೌರಕ್ಕ ಸಿಂಕಿನ ಮುಂದೆ ನಿಂತು ಸಾಬೂನು ಹಚ್ಚಿ ಬೆರಳುಗಳನ್ನು ತೊಳೆಯುತ್ತಿದ್ದಳು.

"ತತ್ತಿ ನಡುವ ಔಷಧ ಇಡ್ತಾರೇನ? ಇನ್ನ ಮ್ಯಾಲೆ ಮೊಸರಿನ ಮಗ್ಗಲಕ ಇಡು."

ಶಾಂಭವಿ ಗುಳಿಗೆ ನುಂಗಿ ನೀರು ಕುಡಿದಳು. "ನೀವರ ಚಾ ಮಾಡ್ಕೊಂಡು ಕುಡೀರಿ, ಅತ್ತಿ."

"ಅರ್ಧ ತಾಸಿಗೆ ಸಾಯಂಗಿಲ್ಲ ನಾ. ನಿಮ್ಮವ್ವನ ಜೋಡಿ ಮಾತ್ರ ಒಂದು ಜಗಳ ಬಾಕಿ ಐತಿ." ಗೌರಕ್ಕ ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿ ಎಳೆದು ಎದುರಿಗೆ ಕೂತಳು. "ಈಗ ಆ ಟ್ರಕ್ಕಿಂದು ಪೂರ್ತಿ ಹೇಳು."