ಕಿವಿಗೆ ಕೊಟ್ಟ ಬಹುಮಾನ

ಡಬ್ಬಿ ಕೊಟ್ಟ ದಿನವೇ ನನಗೆ ಅನುಮಾನ ಬಂತು ಕಣ್ರೀ. ಕುರಿಗೆ ಹಾರ ಹಾಕೋದೂ ಕಡಿಯೋ ದಿನವೇ ಅಲ್ವಾ? ಹೊನ್ನವಳ್ಳಿ ಕರಿಬಸವಯ್ಯನೋರ ಕೊಬ್ಬರಿ ಮನೇಲಿ ಮೂವತ್ತೊಂದು ವರ್ಷದಿಂದ ಕಾಯಿ ಅಲ್ಲಾಡಿಸ್ತಿದ್ದೀನಿ, ಪುಟ್ಟಗಂಗಮ್ಮ ಅಂತ ನನ್ನ ಹೆಸರು. ಅಷ್ಟು ವರ್ಷದಲ್ಲಿ ಬಹುಮಾನ ಅಂತ ಒಂದು ಹುಲ್ಲುಕಡ್ಡೀನೂ ಯಾರೂ ಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೆಲಸ ಏನಪ್ಪಾ ಅಂದ್ರೆ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿನ ಇಳಿಸಿ, ಮಟ್ಟೆ ಸುಲಿದು ನಮ್ಮ ಮುಂದೆ ಸುರೀತಾರೆ. ಒಂದೊಂದನ್ನೇ ಕಿವಿ ಹತ್ರ ಇಟ್ಟು ಅಲ್ಲಾಡಿಸಬೇಕು. ಗುಡುಗುಡು ಅಂದ್ರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆ, ಒಡೆಯೋಕೆ ಹೋಗಲಿ. ಗುಳುಕ್ ಅಂದ್ರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಹಸೀಲಿ ಒಡೆದ್ರೆ ಕಾಯಿ ಹಾಳು. ಇನ್ನು ಬಾಯಿಗೆ ಬೀಗ ಹಾಕ್ಕೊಂಡು ಕೂತಿರೋ ಕಾಯೂ ಇರ್ತವೆ. ಎದುರಿಗೆ ಕೂರೋ ಗಂಗಲಕ್ಷ್ಮಿ, ಗಂಗಾ ಅಂತೀವಿ, ನಮ್ಮ ಬೀದಿಯವಳೇ, ಅಂಥದೊಂದು ಸಿಕ್ಕರೆ ಸಾಕು, "ಅಕ್ಕಾ, ಇದನ್ನ ಮಾತಾಡಿಸು ನೋಡಾನ" ಅಂತ ನನ್ನ ಕಡೆ ಎಸೀತಿದ್ಲು. ಅವಳೊಂದು ಹೇಳೋಳು, ನಾನೊಂದು ಹೇಳೋಳು, ಒಡೆಯೋರ ಹತ್ರ ಎದ್ದು ಹೋಗಿ ನೋಡೋದು. ಗೆದ್ದೋರು ನಗೋದು, ಸೋತೋರು ಬೈಯೋದು. ಅಯ್ಯೋ, ಎಂಥ ಖುಷಿ ಅದು! ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ.

ಯಜಮಾನ್ರು ಒಂದಿನವೂ ಹೊಗಳಿದೋರಲ್ಲ. ದೃಷ್ಟಿ ಆಗುತ್ತೆ ಅಂತ ನಮ್ಮ ಕಡೆ ಕೆಲಸದೋರನ್ನ ಎದುರಿಗೆ ಹೊಗಳಲ್ಲ. ನಾನು ಹಾಕಿದ ಗುಡ್ಡೇನ ಅವರು ನಂಬಿಕೆ ಮೇಲೆ ಬಿಡೋರು, ತಿರುಗಿ ನೋಡ್ತಿರಲಿಲ್ಲ, ಅಷ್ಟೇ. ನನಗೆ ಅದೇ ಸಾಕಾಗಿತ್ತು.

ಹೋದ ವರ್ಷ ಅವರಿಗೆ ಮಂಡಿನೋವು ಜಾಸ್ತಿಯಾಗಿ, ಸೊಸೆ ಭಾನುಪ್ರಿಯಮ್ನೋರು ಕೊಬ್ಬರಿ ಮನೆ ನೋಡ್ಕೊಳ್ಳೋಕೆ ಬಂದ್ರು. ಗೋಡೆಗೆ ಒಂದು ಬೋರ್ಡು ಹೊಡೆಸಿದ್ರು. ಅದರಲ್ಲಿ ನಮ್ಮ ಹೆಸರು, ಹೆಸರಿನ ಮುಂದೆ ನಕ್ಷತ್ರ. "ಪುಟ್ಟಗಂಗಮ್ಮ, ಇಷ್ಟು ವರ್ಷ ದುಡಿದ್ರೂ ನಿಮಗೆ ಪ್ರೋತ್ಸಾಹನೇ ಸಿಕ್ಕಿಲ್ಲ. ಇನ್ಮೇಲೆ ಯಾರ ಗುಡ್ಡೇಲಿ ತಪ್ಪು ಕಮ್ಮಿನೋ ಅವರಿಗೆ ಶನಿವಾರ ಒಂದು ಸ್ಟೀಲ್ ಡಬ್ಬಿ" ಅಂದ್ರು. ತಪ್ಪು ಯಾರದು ಅಂತ ಗೊತ್ತಾಗಬೇಕಲ್ಲ, ಒಬ್ಬೊಬ್ಬರ ಗುಡ್ಡೇನೂ ಬೇರೆ ಬೇರೆ ಮಾಡಿ ಒಡೆಸೋಕೆ ಶುರು ಮಾಡಿದ್ರು. ಪಕ್ಕದಲ್ಲಿ ಪೆನ್ನು ಹಿಡ್ಕೊಂಡು ತಾವೇ ನಿಂತ್ರು. ನನ್ನ ಗುಡ್ಡೆ ಪಕ್ಕ ಪೆನ್ನು! ಮೈಯೆಲ್ಲಾ ಉರಿದುಹೋಯ್ತು.

ಮೊದಲ ಮೂರು ಶನಿವಾರ ಡಬ್ಬಿ ನನಗೇ ಬಂತು. ಅನುಮಾನದ ಜೊತೆಗೇ ಖುಷೀನೂ ಆಯ್ತು, ಸುಳ್ಳು ಯಾಕೆ ಹೇಳಲಿ? ಪಕ್ಕದ ಮನೆ ಭೈರಮ್ಮ ಬಂದು ಡಬ್ಬಿ ಮುಚ್ಚಳ ತೆಗೆದು ನೋಡಿದ್ಲು. "ಸುಮ್‌ಸುಮ್ನೆ ಯಾರು ಕೊಡ್ತಾರೆ ಕಣೇ? ಮೇಷ್ಟ್ರಿಗೆ ಶಾಲು ಹೊದಿಸೋದು ಯಾವಾಗ ಹೇಳು, ಮನೆಗೆ ಕಳಿಸೋವಾಗ ತಾನೇ? ನಿನ್ನ ಬಿಡಿಸೋಕೇ ಇದು" ಅಂದ್ಲು. ಆ ಮಾತು ಎದೇಲಿ ಕೂತುಬುಡ್ತು. ಅಲ್ಲಿಂದ ಕಾಯಿ ಕಿವಿಗಿಟ್ರೂ ಕಣ್ಣು ಬೋರ್ಡಿನ ಕಡೆ ಹೋಗೋದು. ಬಾಯಿ ಬಿಡದ ಕಾಯಿನ ಕೇಳೋ ಗೋಜಿಗೇ ಹೋಗದೆ ವಾಪಸ್ ಅಟ್ಟಕ್ಕೆ ಅಂತ ತಳ್ಳಿಬುಡ್ತಿದ್ದೆ. ತಪ್ಪಾದ್ರೆ ನಕ್ಷತ್ರ ಹೋಗುತ್ತಲ್ಲ. ಗಂಗಾನೂ ಅಂಥವನ್ನ ನನ್ನ ಕಡೆ ಎಸೆಯೋದು ನಿಲ್ಲಿಸಿದ್ಲು.

ನಾಲ್ಕನೇ ಶನಿವಾರ ನನ್ನ ಗುಡ್ಡೇಲಿ ನಾಕು ಹಸಿ ಕಾಯಿ ಸಿಕ್ಕವು. ನನ್ನ ಗುಡ್ಡೇಲಿ! ಡಬ್ಬಿ ಗಂಗಾಗೆ ಹೋಯ್ತು. ಅವಳು ತಲೆ ತಗ್ಗಿಸಿಕೊಂಡು ಇಸ್ಕೊಂಡ್ಲು. ಓಹೋ, ಇದಾ ಸಮಾಚಾರ ಅಂದ್ಕೊಂಡೆ. ನಾನು ನೀರು ಕುಡಿಯೋಕೆ ಎದ್ದಾಗ ಅವಳ ಹಸಿ ಕಾಯಿನ ನನ್ನ ಗುಡ್ಡೆಗೆ ಸೇರಿಸ್ತಾವಳೆ, ಇನ್ನೇನು?

ಸೋಮವಾರದಿಂದ ನಾನೊಂದು ಉಪಾಯ ಮಾಡಿದೆ. ಎಲೆಅಡಿಕೆ ಚೀಲದಲ್ಲಿ ಸುಣ್ಣ ಇರುತ್ತಲ್ಲ, ನಾನು ಆರಿಸಿದ ಒಂದೊಂದು ಕಾಯಿಗೂ ಬೆರಳ ತುದೀಲಿ ಒಂದು ಚುಕ್ಕೆ ಇಟ್ಟೆ. ಸುಣ್ಣ ಇಲ್ಲದ್ದು ಸಿಕ್ಕಿದ್ರೆ ಅವಳದ್ದೇ, ಸಿಕ್ಕಿಬೀಳ್ತಾಳೆ. ವಾರವೆಲ್ಲಾ ಅವಳನ್ನೇ ಕಾದೆ. ಅವಳು ಸೆರಗು ಸರಿ ಮಾಡ್ಕೊಂಡ್ರೆ ಕತ್ತೆತ್ತಿ ನೋಡೋದು, ಕೆಮ್ಮಿದ್ರೆ ತಿರುಗಿ ನೋಡೋದು.

ಶನಿವಾರ ಐದು ಹಸಿ ಕಾಯಿ ಬಂದವು. ನಾನು ಎದ್ದು ನಿಂತೇ ಕೂಗಿದೆ. "ಲೇ ಗಂಗಿ, ನಿನ್ನ ಬಾಣಂತನದಲ್ಲಿ ನೀರು ಹಾಕಿದ ಕೈ ಕಣೇ ಇದು! ಉಂಡ ಮನೆಗೆ ಎರಡು ಬಗೀತೀಯಾ?" ಸುಲಿಯೋರು, ಒಡೆಯೋರು ಎಲ್ಲಾ ಕೆಲಸ ನಿಲ್ಲಿಸಿ ನೋಡಿದ್ರು. ಅವಳು ಸೆರಗನ್ನ ಹೆಗಲ ಮೇಲೆ ಎಳ್ಕೊಂಡ್ಲು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ಲು ಅಂದ್ಕೊಂಡು ನನಗೆ ಇನ್ನೂ ಧೈರ್ಯ ಬಂತು. "ನನ್ನವಕ್ಕೆಲ್ಲಾ ಸುಣ್ಣ ಇಟ್ಟಿದ್ದೀನಿ ಭಾನಮ್ಮಾ, ಚಿಪ್ಪು ತಿರುಗಿಸಿ ನೋಡಿ!"

ಅವರು ಕೂತು ಐದು ಕಾಯಿ ಚಿಪ್ಪನ್ನೂ ಜೋಡಿಸಿ ತಿರುಗಿಸಿದ್ರು. ಐದರಲ್ಲೂ ಸುಣ್ಣದ ಚುಕ್ಕೆ ಇತ್ತು.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಗಂಗಾ ಸೆರಗಲ್ಲಿ ಕಣ್ಣೊರೆಸಿಕೊಂಡು ಹೇಳಿದ್ಲು, "ವಾರದಿಂದ ನಿನ್ನ ಕಿವಿ ಕಾಯಿ ಮೇಲಿರಲಿಲ್ಲ ಕಣಕ್ಕ, ನನ್ನ ಕೈ ಮೇಲಿತ್ತು. ನನಗೆ ಗೊತ್ತಿತ್ತು."

ಭಾನಮ್ನೋರು ಅವತ್ತೇ ಬೋರ್ಡು ಕಿತ್ತು ಹಾಕಿಸಿದ್ರು. "ನನ್ನ ಬಿಡಿಸೋಕಾ ಇದೆಲ್ಲಾ?" ಅಂತ ನೇರವಾಗೇ ಕೇಳಿದೆ. "ನಿಮ್ಮನ್ನ ಬಿಡಿಸಿದ್ರೆ ಮಾವ ನನ್ನನ್ನೇ ಮನೆ ಬಿಡಿಸ್ತಾರೆ ಕಣ್ರೀ. ಒಳ್ಳೇದಾಗಲಿ ಅಂತ ಮಾಡಿದೆ" ಅಂದ್ರು. ನಗ್ತಾ ಹೇಳಿದ್ರೂ ಅವರ ಕಣ್ಣಲ್ಲಿ ನೀರಿತ್ತು. ಸಾಯಂಕಾಲ ಗಂಗಾ ಮನೆ ಜಗಲೀಲಿ ಹೋಗಿ ಕೂತೆ. ಅರ್ಧ ಗಂಟೆ ಕಾಯಿಸಿದ್ಲು, ಆಮೇಲೆ ಕಾಫಿ ತಂದು ಪಕ್ಕದಲ್ಲಿ ಕುಕ್ಕಿದ್ಲು. ಕುಡಿದೆ.

ಇದಾಗಿ ಎರಡು ತಿಂಗಳಾಯ್ತು. ಗುಡ್ಡೆ ಈಗ ಎಲ್ಲರದ್ದೂ ಒಂದೇ. ಯಾರೂ ನೋಡಲ್ಲ, ಯಾರೂ ಬರ್ಕೊಳ್ಳಲ್ಲ. ನಿನ್ನೆ ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಗುಳುಕ್ ಅಂತು. ಹಸಿ. ಇನ್ನೂ ಎರಡು ತಿಂಗಳು ಅಟ್ಟದ ಮೇಲಿದ್ರೆ ಬಂಗಾರದಂಥ ಉಂಡೆ ಆಗೋ ಕಾಯಿ. "ಹಸಿ ಕಣಕ್ಕ, ನನಗೇ ಇಲ್ಲಿಗೆ ಕೇಳ್ತು, ಅಟ್ಟದ ಕಡೆಗೆ ಹಾಕು" ಅಂದ್ಲು ಗಂಗಾ. ಹಾಕೋಕಂತಲೇ ಕೈ ಎತ್ತಿದೆ. ಮನಸ್ಸು ತಡೀಲಿಲ್ಲ. ಒಡೆಯೋರು ಪಕ್ಕದಲ್ಲಿಟ್ಟಿದ್ದ ಮಚ್ಚು ತಗೊಂಡು ಒಡೆದೇಬಿಟ್ಟೆ. ನೀರು ಪಾದದ ಮೇಲೆ ಚೆಲ್ತು.

"ಒಡಿ ಅಂತ ಯಾರಕ್ಕ ಹೇಳಿದ್ರು ನಿನಗೆ?" ಅಂದ್ಲು ಗಂಗಾ.

ಯಾರೂ ಹೇಳಿರಲಿಲ್ಲ. ನನ್ನ ಕಿವಿ ಹೇಳಿದ್ದು ಸರಿಯಾಗೇ ಇತ್ತು, ಕಾಯಿ ಮಾತ್ರ ಹಾಳಾಯ್ತು. ಆದರೂ ಕಿವಿ ಮೇಲೆ ನಂಬಿಕೆ ಬರಲಿಲ್ಲ, ಒಡೆದು ನೋಡೋಕೆ ಇನ್ನೊಂದು ತಗೊಂಡೆ.